ಪಂಕ್ತಿಭೇದವೂ ಪ್ರಸಾದತತ್ತ್ವವೂ

ಅನ್ನವು ದೇಹಧಾರಣೆಗೆ ಮಾತ್ರವೇ ಬೇಕಾದುದಾಗಿದ್ದರೆ ಅದರ ಸುತ್ತ ಇಷ್ಟೊಂದು ವಿಧಿನಿಷೇಧಗಳು ಹುಟ್ಟಿಕೊಳ್ಳುತ್ತಿರಲಿಲ್ಲ. ಹಸಿವು ಎಲ್ಲ ಪ್ರಾಣಿಗಳಿಗೂ ಸಮಾನವಾದುದು; ಅದನ್ನು ಹಿಂಗಿಸಿಕೊಳ್ಳುವ ಬಗೆಯಲ್ಲಿ ಮಾತ್ರ ಮನುಷ್ಯನು ಉಳಿದವುಗಳಿಗಿಂತ ಬೇರೆಯಾಗುತ್ತಾನೆ. ಅವನು ಊಟಕ್ಕೆ ಕುಳಿತಾಗ ಒಬ್ಬನೇ ಕುಳಿತಿರುವುದಿಲ್ಲ; ಅವನ ಹಿರಿಯರು, ಅವನ ಓಣಿ, ಅವನ ಕುಲ, ಅವನ ಅಂಜಿಕೆ ಇವೆಲ್ಲವೂ ಅವನೊಡನೆ ಎಡೆಯ ಮುಂದೆ ಕುಳಿತಿರುತ್ತವೆ. ನಮ್ಮ ದೇಶದಲ್ಲಿ ಜಾತಿಯೆಂಬುದನ್ನು ಶಾಸ್ತ್ರಗ್ರಂಥಗಳಿಂದ ತಿಳಿದವರು ಬಹು ವಿರಳ. ಬಹುಜನರು ಅದನ್ನು ತಿಳಿದುಕೊಂಡುದು ಅಡಿಗೆಮನೆಯ ಹೊಸ್ತಿಲಲ್ಲಿ. ಯಾರ ಮನೆಯ ನೀರು ಕುಡಿಯಬಹುದು, ಯಾರ ಮನೆಯದು ಕುಡಿಯಬಾರದು, ಯಾರನ್ನು ಪಡಸಾಲೆಯವರೆಗೆ ಕರೆಯಬೇಕು, ಯಾರಿಗೆ ಅಂಗಳದಲ್ಲಿಯೇ ಮೇಲಿನಿಂದ ಎತ್ತಿ ಹಾಕಬೇಕು ಎಂಬುದನ್ನು ಮಗುವು ಅಕ್ಷರ ಕಲಿಯುವ ಮೊದಲೇ ಕಲಿತುಬಿಡುತ್ತದೆ. ಯಾರೂ ಅದಕ್ಕೆ ಪಾಠ ಹೇಳುವುದಿಲ್ಲ. ತಾಯಿಯ ಕೈ ಯಾವಾಗ ಹಿಂದೆ ಸರಿಯಿತೆಂಬುದನ್ನು ನೋಡಿಯೇ ಅದು ಎಲ್ಲವನ್ನೂ ಅರಿಯುತ್ತದೆ.

ಶರಣಧರ್ಮವನ್ನು ನಂಬಿದ ಗೃಹಸ್ಥರಿಗೆ ಈ ವಿಷಯದಲ್ಲಿ ಒಂದು ವಿಶೇಷವಾದ ತೊಡಕು ಉಂಟು. ಒಂದು ಕಡೆ, ದಯೆಯನ್ನು ಧರ್ಮದ ಬೇರೆಂದು ತಿಳಿದು ಮಾಂಸವನ್ನು ವರ್ಜಿಸುವ ಶೀಲ ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಇನ್ನೊಂದು ಕಡೆ, ಹುಟ್ಟಿನಿಂದ ಯಾರೂ ಮೇಲಲ್ಲ, ಯಾರೂ ಕೀಳಲ್ಲ ಎಂಬ ತತ್ತ್ವವು ನಮ್ಮ ಧರ್ಮದ ಪ್ರಾಣವಾಗಿದೆ. ಇವೆರಡೂ ಒಂದೇ ಮೂಲದಿಂದ ಬಂದವು. ಆದರೆ ಕಾಲಾಂತರದಲ್ಲಿ ಮೊದಲನೆಯದು ಎರಡನೆಯದಕ್ಕೆ ಶತ್ರುವಾಗಬಲ್ಲುದೇ? ನನ್ನ ಎಡೆಯಲ್ಲಿ ಏನು ಇರಬೇಕೆಂಬ ನಿಯಮವು, ನನ್ನ ಪಕ್ಕದಲ್ಲಿ ಯಾರು ಕುಳಿತುಕೊಳ್ಳಬೇಕೆಂಬ ನಿಯಮವಾಗಿ ಮಾರ್ಪಡಬಲ್ಲುದೇ? ಮಾರ್ಪಟ್ಟಿದ್ದರೆ ಅದನ್ನು ಇನ್ನೂ ಶೀಲವೆಂದು ಕರೆಯಬಹುದೇ? ಇದೇ ಪ್ರಕೃತ ವಿಚಾರ.

ಮೊದಲು, ಆಹಾರದ ಶುದ್ಧಿಯೆಂದರೇನೆಂಬುದನ್ನು ನೋಡೋಣ. ಆಹಾರವು ಶುದ್ಧವಾಗಿದ್ದರೆ ಅಂತಃಕರಣವು ಶುದ್ಧವಾಗುವುದೆಂಬ ಅಭಿಪ್ರಾಯವು ಛಾಂದೋಗ್ಯ ಉಪನಿಷತ್ತಿನಷ್ಟು ಹಳೆಯದು. ಅದಕ್ಕೆ ಭಾಷ್ಯ ಬರೆದ ಶಂಕರಾಚಾರ್ಯರು ಆಹಾರವೆಂದರೆ ಬಾಯಿಂದ ತಿನ್ನುವುದು ಮಾತ್ರವಲ್ಲ, ಇಂದ್ರಿಯಗಳೆಲ್ಲ ಒಳಗೆ ತೆಗೆದುಕೊಳ್ಳುವ ವಿಷಯಗಳೇ ಆಹಾರವೆಂದು ಅರ್ಥ ಮಾಡಿದರು. ರಾಮಾನುಜರ ಪರಂಪರೆಯಲ್ಲಿ ಅನ್ನಕ್ಕೆ ಮೂರು ಬಗೆಯ ದೋಷಗಳನ್ನು ಹೇಳುತ್ತಾರೆ: ಪದಾರ್ಥದ ಸ್ವಭಾವದಿಂದ ಬಂದುದು ಜಾತಿದೋಷ, ಅದು ಯಾರ ಕೈಯಿಂದ ಬಂದಿತೋ ಅವರ ನಡತೆಯಿಂದ ಬಂದುದು ಆಶ್ರಯದೋಷ, ಧೂಳು, ಕೂದಲು ಮೊದಲಾದವು ಬಿದ್ದು ಬಂದುದು ನಿಮಿತ್ತದೋಷ. ಇಲ್ಲಿ ಜಾತಿದೋಷವೆಂದರೆ ಪದಾರ್ಥದ ಜಾತಿ, ಮನುಷ್ಯನ ಜಾತಿಯಲ್ಲ, ಎಂಬುದನ್ನು ವಾಚಕರು ಲಕ್ಷಿಸಬೇಕು. ಲೋಕದ ರೂಢಿಯು ಈ ಮೂರನ್ನೂ ಬದಿಗೊತ್ತಿ ನಾಲ್ಕನೆಯದೊಂದನ್ನು ಕಲ್ಪಿಸಿಕೊಂಡಿತು: ಅಡಿಗೆ ಮಾಡಿದವರು ಯಾವ ಕುಲದಲ್ಲಿ ಹುಟ್ಟಿದರು ಎಂಬುದು. ಮುಟ್ಟಬಾರದೆಂಬುದನ್ನೇ ಧರ್ಮದ ಸಾರಸರ್ವಸ್ವವೆಂದು ತಿಳಿದವರನ್ನು ಸ್ವಾಮಿ ವಿವೇಕಾನಂದರು ಕಠಿಣವಾಗಿ ಖಂಡಿಸಿದುದು ಈ ಕಾರಣದಿಂದಲೇ.

ಈ ನಾಲ್ಕನೆಯ ದೋಷವು ವಿಚಾರಕ್ಕೆ ನಿಲ್ಲುವುದೇ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬ್ಯಾಡಗಿಯ ಪೇಟೆಗೆ ಹೋದರೆ ಸಾಕು. ಬ್ಯಾಡಗಿಯ ಮೆಣಸಿನಕಾಯಿಯು ಖಾರ ಕಡಿಮೆಯಾಗಿದ್ದು ಬಣ್ಣ ಗಾಢವಾಗಿರುವುದರಿಂದ ದೇಶವಿದೇಶಗಳಲ್ಲಿ ಹೆಸರಾಗಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಡಬ್ಬಿಯಾಗಲಿ, ಕಡ್ಡಿಯಾಗಲಿ, ಆ ಕಾಯಿಯು ಹೊಲದಿಂದ ನಮ್ಮ ಒರಳಿಗೆ ಬರುವ ಮುನ್ನ ಎಷ್ಟು ಕೈಗಳನ್ನು ದಾಟಿ ಬರುತ್ತದೆ! ಬಿಡಿಸಿದ ಕೂಲಿಯವರು, ಕಣದಲ್ಲಿ ಹರಡಿ ಒಣಗಿಸಿದವರು, ಕುಳಿತು ತೊಟ್ಟು ಮುರಿದು ಆರಿಸಿದ ಹೆಣ್ಣುಮಕ್ಕಳು, ಚೀಲ ಹೊತ್ತ ಹಮಾಲರು, ದಲಾಲರು, ಅಂಗಡಿಕಾರರು. ಇವರಲ್ಲಿ ಇಲ್ಲದ ಕುಲವಿಲ್ಲ, ಇಲ್ಲದ ಮತವಿಲ್ಲ. ಇಷ್ಟು ಜನರ ಕೈಬೆವರು ತಗುಲಿದ ಕಾಯಿಯನ್ನು ಅತ್ಯಂತ ಮಡಿವಂತರೂ ಒಗ್ಗರಣೆಗೆ ಹಾಕುತ್ತಾರೆ. ಜೋಳದ ಕಥೆಯೂ ಅದೇ, ಬೆಲ್ಲದ ಕಥೆಯೂ ಅದೇ. ಹಾಗಾದರೆ ಮೈಲಿಗೆಯು ಎಲ್ಲಿ ಆರಂಭವಾಗುತ್ತದೆ? ಹಸಿಯ ಧಾನ್ಯವನ್ನು ಪಡಿಯೆಂದು ಯಾರಿಂದಲಾದರೂ ತೆಗೆದುಕೊಳ್ಳಬಹುದು. ಆದರೆ ಅದೇ ಧಾನ್ಯಕ್ಕೆ ನೀರು ಬಿದ್ದು, ಅದು ಬೆಂಕಿಯ ಮೇಲೆ ಏರಿದ ಕೂಡಲೆ ಕುಲವು ಅಂಟಿಕೊಳ್ಳುತ್ತದೆ ಎಂಬುದು ಲೋಕದ ರೂಢಿ. ಎಲ್ಲವನ್ನೂ ಶುದ್ಧ ಮಾಡುವವೆಂದು ನಾವು ನಂಬಿದ ನೀರು ಮತ್ತು ಬೆಂಕಿ ಈ ಒಂದು ಸಂಗತಿಯಲ್ಲಿ ಮಾತ್ರ ಅಶುದ್ಧಿಯನ್ನು ತರುವವೆಂದರೆ ಅದನ್ನು ಬುದ್ಧಿಯು ಹೇಗೆ ಒಪ್ಪೀತು?

ನಿಜವಾದ ಕಾರಣವು ಬೇರೆ ಇದೆ. ಧಾನ್ಯವನ್ನು ಕೊಳ್ಳುವುದು ವ್ಯಾಪಾರ. ಬೆಂದ ಅನ್ನವನ್ನು ಸ್ವೀಕರಿಸುವುದು ಸಂಬಂಧ. ವ್ಯಾಪಾರದಲ್ಲಿ ಇಬ್ಬರೂ ಸಮಾನರೆಂದು ಒಪ್ಪಬೇಕಾದ ಅಗತ್ಯವಿಲ್ಲ. ಸಹಭೋಜನದಲ್ಲಿ ಹಾಗಲ್ಲ. ಒಬ್ಬನ ಮನೆಯಲ್ಲಿ ಉಂಡವನು ಆತನು ತನಗೆ ಸಮನೆಂದು ಬಾಯಿಬಿಟ್ಟು ಹೇಳದೆಯೇ ಒಪ್ಪಿಕೊಂಡಂತಾಯಿತು. ಆದುದರಿಂದ ದುಡಿಮೆಗೆ ಎಲ್ಲರ ಕೈಯೂ ಬೇಕು, ಊಟಕ್ಕೆ ಮಾತ್ರ ಕೆಲವರದು ಬೇಡ ಎಂಬ ವಿಚಿತ್ರ ವ್ಯವಸ್ಥೆ ನಿಂತಿತು. ಮೈಲಿಗೆಯೆಂಬುದು ಪಾತ್ರೆಯಲ್ಲಿ ಇರಲಿಲ್ಲ. ಸಮಾನತೆಯನ್ನು ಒಪ್ಪಲಾರದ ಮನಸ್ಸಿನಲ್ಲಿ ಇದ್ದಿತು.

ಶರಣರು ಕೈಯಿಟ್ಟದ್ದು ಸರಿಯಾಗಿ ಈ ಗಂಟಿಗೇ. ಹನ್ನೆರಡನೆಯ ಶತಮಾನದಲ್ಲಿ ಅವರು ಅಲ್ಲಗಳೆದ ಐದು ಸೂತಕಗಳನ್ನು ನೆನೆಯಿರಿ: ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ. ಕೊನೆಯ ಎರಡನ್ನು ಒಂದೇ ಎಣಿಕೆಯಲ್ಲಿ ಸೇರಿಸಿದುದು ಅರ್ಥಪೂರ್ಣವಾಗಿದೆ. ಎಂಜಲಿನ ಅಂಜಿಕೆ ಮತ್ತು ಜಾತಿಯ ಅಂಜಿಕೆ ಇವೆರಡೂ ಒಂದನ್ನೊಂದು ಆಶ್ರಯಿಸಿಕೊಂಡು ಬದುಕುತ್ತವೆಯೆಂಬುದನ್ನು ಅವರು ಕಂಡಿದ್ದರು. ಇವುಗಳ ಸ್ಥಾನದಲ್ಲಿ ಅವರು ಪ್ರಸಾದತತ್ತ್ವವನ್ನು ನಿಲ್ಲಿಸಿದರು. ಲಿಂಗಕ್ಕೆ ಅರ್ಪಿತವಾದ ಪದಾರ್ಥವು ಪದಾರ್ಥವಾಗಿ ಉಳಿಯದೆ ಪ್ರಸಾದವಾಗುತ್ತದೆ. ಪ್ರಸಾದಕ್ಕೆ ಒಡೆಯನೊಬ್ಬನೇ; ಅದಕ್ಕೆ ಮೇಲುಕುಲ ಕೀಳುಕುಲಗಳ ಅಂಟು ಇರಲಾರದು. ಇರುವುದೆಂದು ಹೇಳಿದರೆ ಅರ್ಪಣವೇ ಸುಳ್ಳಾಯಿತೆಂದು ಹೇಳಿದಂತಾಗುತ್ತದೆ.

ತತ್ತ್ವವನ್ನು ಹೇಳಿ ಅವರು ಸುಮ್ಮನಾಗಲಿಲ್ಲ. ಬಸವಣ್ಣನವರು ಕಂಬಳಿಯ ನಾಗಿದೇವನ ಮನೆಗೆ ಹೋಗಿ ಪ್ರಸಾದ ಸ್ವೀಕರಿಸಿದುದನ್ನೂ, ಅಂತ್ಯಜನೆಂದು ಲೋಕವು ದೂರವಿಟ್ಟವನ ಮನೆಯಲ್ಲಿ ಮಂತ್ರಿಯಾದವನು ಉಂಡನೆಂಬ ದೂರು ಬಿಜ್ಜಳನವರೆಗೆ ಹೋದುದನ್ನೂ ಶಿವಕವಿಗಳು ವರ್ಣಿಸಿದ್ದಾರೆ. ಮಾದಾರ ಚೆನ್ನಯ್ಯನ ಕಥೆಯು ಇನ್ನೂ ಸೂಕ್ಷ್ಮವಾದುದು. ಕರಿಕಾಲ ಚೋಳನ ಕುದುರೆಗಳಿಗೆ ಹುಲ್ಲು ತರುತ್ತಿದ್ದ ಆ ಗುಪ್ತಭಕ್ತನು ಅರ್ಪಿಸಿದ ಅಂಬಲಿಯನ್ನು ಸವಿದ ಶಿವನು ಅರಸನ ಷಡ್ರಸಾನ್ನದ ನೈವೇದ್ಯವನ್ನು ಮುಟ್ಟದೆ ಬಿಟ್ಟನೆಂದು ಪರಂಪರೆ ಹೇಳುತ್ತದೆ. ಈ ಕಥೆಗಳನ್ನು ನಾವು ಪುರಾಣದಲ್ಲಿ ಕೇಳಿ ಕಣ್ಣೀರು ತಂದುಕೊಳ್ಳುತ್ತೇವೆ. ಆದರೆ ಪುರಾಣ ಮುಗಿದ ಬಳಿಕ ಪ್ರಸಾದಕ್ಕೆ ಕೂಡ್ರುವಾಗ ನಮ್ಮ ಸಾಲಿನಲ್ಲಿ ಯಾರು ಇದ್ದಾರೆ, ಯಾರು ಗುಡಿಯ ಹೊರಗೆ ನಿಂತಿದ್ದಾರೆ ಎಂದು ತಿರುಗಿ ನೋಡುವವರು ಎಷ್ಟು ಜನ?

ಹಾಗೆಂದು ಶರಣರಿಗೆ ಶುದ್ಧಿಯ ಚಿಂತೆಯೇ ಇರಲಿಲ್ಲವೆಂದು ತಿಳಿಯಬಾರದು. ಅವರು ಶುದ್ಧಿಯ ಪ್ರಶ್ನೆಯನ್ನು ಬಿಟ್ಟುಕೊಡಲಿಲ್ಲ, ಅದರ ಸ್ಥಾನವನ್ನು ಬದಲಿಸಿದರು. ಯಾರು ಬೇಯಿಸಿದರು ಎಂದು ಲೋಕವು ಕೇಳುತ್ತಿದ್ದಲ್ಲಿ, ಹೇಗೆ ಗಳಿಸಿದರು ಎಂದು ಅವರು ಕೇಳಿದರು. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಆ ಹೆಚ್ಚಿನ ಅಕ್ಕಿಯನ್ನು ತಿರುಗಿ ಅಲ್ಲಿಯೇ ಸುರಿದು ಬರಲು ಹೇಳಿದಳು. ಆ ಅಕ್ಕಿಯನ್ನು ಯಾವ ಹೀನಕುಲದವರೂ ಮುಟ್ಟಿರಲಿಲ್ಲ. ಬಸವಣ್ಣನವರ ಮಹಾಮನೆಯ ಅಂಗಳದ ಅಕ್ಕಿ ಅದು. ಆದರೂ ಅದು ಅವಳ ದೃಷ್ಟಿಯಲ್ಲಿ ಅಶುದ್ಧವಾಯಿತು, ಏಕೆಂದರೆ ಅದರಲ್ಲಿ ಕಾಯಕಕ್ಕೆ ಮೀರಿದ ಆಸೆ ಬೆರೆತಿತ್ತು. ಈ ಅಳತೆಯನ್ನು ಇಂದಿನ ಗೃಹಸ್ಥನು ತನ್ನ ಅಡಿಗೆಮನೆಗೆ ಹಚ್ಚಿ ನೋಡಲಿ. ಕೂಲಿಯವರ ದಿನಗೂಲಿಯಲ್ಲಿ ಮುರಿದುಕೊಂಡ ಹಣದಿಂದ ತಂದ ಬೇಳೆ, ತೂಕದಲ್ಲಿ ಮೋಸ ಮಾಡಿ ಗಳಿಸಿದ ತುಪ್ಪ, ಕೃತಕ ಬಣ್ಣ ಬೆರೆಸಿ ಖಾರದಪುಡಿ ಮಾರಿದವನ ಮನೆಯ ಹೋಳಿಗೆ, ಇವು ಶಾಕಾಹಾರವೇನೋ ಹೌದು. ಲಕ್ಕಮ್ಮನ ಅಂಗಳದಲ್ಲಿ ಇವುಗಳಿಗೆ ಎಡೆ ದೊರೆಯುವುದೇ?

ನಮ್ಮ ಹಾವೇರಿಯ ನೆಲದಲ್ಲಿ ಈ ವಿಚಾರವನ್ನು ಹೇಳಿದವರು ಶರಣರು ಮಾತ್ರವಲ್ಲ. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಆದಿಕೇಶವನನ್ನು ಆರಾಧಿಸಿದ ಕನಕದಾಸರು ಭಾಮಿನೀ ಷಟ್ಪದಿಯಲ್ಲಿ ಬರೆದ ‘ರಾಮಧಾನ್ಯ ಚರಿತ್ರೆ’ಯು ಧಾನ್ಯಗಳ ಜಗಳದ ಕಥೆ. ಅದರಲ್ಲಿ ಭತ್ತವು ತಾನು ದೇವರಿಗೂ ದ್ವಿಜರಿಗೂ ಸಲ್ಲುವ ಶ್ರೇಷ್ಠಧಾನ್ಯವೆಂದು ಬೀಗಿ ನರೆದಲೆಗವನ್ನು, ಎಂದರೆ ರಾಗಿಯನ್ನು, ಕೀಳು ಜನರ ತಿನಿಸೆಂದು ಹಳಿಯುತ್ತದೆ. ರಾಗಿಯು ತಾನು ಬರಗಾಲದಲ್ಲಿ ಬಡವರ ಪ್ರಾಣ ಕಾಯುವವನೆಂದು ಉತ್ತರ ಕೊಡುತ್ತದೆ. ಶ್ರೀರಾಮನು ವಾದವನ್ನು ವಾದದಿಂದ ತೀರಿಸದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇರಿಸುತ್ತಾನೆ. ಅವಧಿ ಮುಗಿದಾಗ ಭತ್ತವು ಕಳೆಗುಂದಿತ್ತು, ರಾಗಿಯು ಗಟ್ಟಿಯಾಗಿ ಉಳಿದಿತ್ತು. ರಾಘವನು ತನ್ನ ಹೆಸರನ್ನೇ ಅದಕ್ಕೆ ಕೊಟ್ಟನು. ತಿನ್ನುವವರ ಕುಲವನ್ನು ಧಾನ್ಯದ ಮೇಲೆ ಹೊರಿಸಿ, ಬಳಿಕ ಧಾನ್ಯದ ಕೀಳುತನವನ್ನು ತಿನ್ನುವವರ ಮೇಲೆ ಹೊರಿಸುವ ಲೋಕದ ಜಾಣತನವನ್ನು ಈ ಸಣ್ಣ ಕಾವ್ಯವು ಬಯಲು ಮಾಡುತ್ತದೆ.

ಈ ಮಾತಿಗೆ ನಮ್ಮ ಕಾಲವೇ ಸಾಕ್ಷಿ ಒದಗಿಸಿದೆ. ಸಾಮೆ, ನವಣೆ, ಹಾರಕಗಳು ಅಕ್ಕಿ ಕೊಳ್ಳಲಾರದವರ ಅನ್ನವಾಗಿದ್ದ ಕಾಲವೊಂದಿತ್ತು. ಬೀಗರು ಬಂದ ದಿನ ಅವನ್ನು ಮುಚ್ಚಿಟ್ಟು, ಸಾಲ ತಂದಾದರೂ ಅಕ್ಕಿ ಬೇಯಿಸುತ್ತಿದ್ದರು. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಇಂದು ಅದೇ ನವಣೆಯು ಅಂದವಾದ ಚೀಲದಲ್ಲಿ ಅಕ್ಕಿಗಿಂತ ಹೆಚ್ಚಿನ ಬೆಲೆಗೆ ಪಟ್ಟಣದ ಅಂಗಡಿಗಳಲ್ಲಿ ಕುಳಿತಿದೆ. ಕಾಳು ಬದಲಾಗಲಿಲ್ಲ, ಅದನ್ನು ತಿನ್ನುವವರು ಬದಲಾದರು, ಒಡನೆ ಅದರ ಕುಲವೂ ಏರಿತು. ಆಹಾರದ ಮೇಲುಕೀಳು ಆಹಾರದಲ್ಲಿ ಇರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕೆ?

ಇಲ್ಲಿ ಒಬ್ಬರು ಕೇಳಬಹುದು: ‘ಈಗ ಇದನ್ನೆಲ್ಲ ಯಾರು ನೋಡುತ್ತಾರೆ? ರಾಣೆಬೆನ್ನೂರಿನ ಬಸ್‌ನಿಲ್ದಾಣದ ಎದುರಿನ ಉಪಾಹಾರಗೃಹದಲ್ಲಿ ಎಲ್ಲರೂ ಒಂದೇ ಮೇಜಿಗೆ ಕುಳಿತು ತಿನ್ನುವುದಿಲ್ಲವೇ?’ ನಿಜ. ನಮ್ಮ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 15ನೆಯ ವಿಧಿಯು ಅಂಗಡಿ, ಉಪಾಹಾರಗೃಹ, ಬಾವಿ, ಕೆರೆಗಳಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ವಿಧಿಸಿತು. 1955ರ ಕಾನೂನು ಅದನ್ನು ಮೀರಿದವರಿಗೆ ಶಿಕ್ಷೆಯನ್ನು ಗೊತ್ತುಮಾಡಿತು. ಇದರಿಂದ ಬಹಳ ಒಳಿತಾಗಿದೆ. ಆದರೆ ಪಟ್ಟಣದ ಹೋಟೆಲಿನಲ್ಲಿ ನಾವು ಸಮಾನರಾಗಿ ಉಣ್ಣುವುದು ಅರಿವಿನಿಂದಲೋ, ಅರಿಯದುದರಿಂದಲೋ ಎಂಬುದನ್ನು ವಿಚಾರಿಸಬೇಕು. ಒಳಗೆ ಬೇಯಿಸಿದವರು ಯಾರೆಂದು ನಮಗೆ ಗೊತ್ತಿಲ್ಲ, ಗೊತ್ತಿಲ್ಲದುದರಿಂದ ಉಂಡೆವು. ಗೊತ್ತಾದಾಗಲೂ ಅದೇ ಸಂತೋಷದಿಂದ ಉಂಡರೆ ಮಾತ್ರ ಅದು ಧರ್ಮ. ಕತ್ತಲೆಯಲ್ಲಿ ಬಣ್ಣ ಕಾಣದಿರುವುದು ಸಮದೃಷ್ಟಿಯಲ್ಲ.

ಗೊತ್ತಾದ ಕಡೆ ಏನಾಗುತ್ತದೆಂಬುದಕ್ಕೆ ಉದಾಹರಣೆಗಳಿಗೆ ಕೊರತೆಯಿಲ್ಲ. 2022ರ ನವೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೋಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬಳು ಬೀದಿಯ ತೊಂಬೆಯ ನೀರು ಕುಡಿದಳೆಂದು ಆ ತೊಂಬೆಯನ್ನು ಬರಿದು ಮಾಡಿ ಗೋಮೂತ್ರದಿಂದ ತೊಳೆದ ಸುದ್ದಿಯು ನಾಡನ್ನೆಲ್ಲ ತಲೆತಗ್ಗಿಸುವಂತೆ ಮಾಡಿತು. ಆ ಬೀದಿಯು ಲಿಂಗಾಯತರ ಬೀದಿಯೆಂದು ಪತ್ರಿಕೆಗಳು ಬರೆದವು. ಬಾಯಾರಿದವಳಿಗೆ ನೀರು ಕೊಡುವುದು ಒತ್ತಟ್ಟಿಗಿರಲಿ, ಅವಳು ತಾನಾಗಿ ಕುಡಿದ ನೀರಿನಿಂದ ತೊಂಬೆ ಕೆಟ್ಟಿತೆಂದು ತಿಳಿದವರ ಕೊರಳಲ್ಲಿ ಲಿಂಗವಿದ್ದಿತೇ ಎಂಬ ಪ್ರಶ್ನೆಯು ನಮ್ಮ ಪ್ರತಿಯೊಬ್ಬರ ಎದೆಯನ್ನೂ ಚುಚ್ಚಬೇಕು. ಅಸ್ಪೃಶ್ಯತೆಯ ಆ ಕೃತ್ಯದಿಂದ ಮೈಲಿಗೆಯಾದುದು ನೀರಲ್ಲ, ನಮ್ಮ ಹೆಸರು.

ಇನ್ನು ಶಾಲೆಯ ಬಿಸಿಯೂಟವನ್ನು ನೋಡೋಣ. 2002ರಲ್ಲಿ ಕರ್ನಾಟಕ ಸರಕಾರವು ಈ ಯೋಜನೆಯನ್ನು ಆರಂಭಿಸಿದಾಗ ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಿತು. ದಾಸೋಹವೆಂಬುದು ಶರಣರ ಮಾತು. ಕೊಡುವವನು ದಾಸನು, ಉಣ್ಣುವವನು ಒಡೆಯನು ಎಂಬ ಭಾವವು ಆ ಮಾತಿನಲ್ಲಿದೆ. ದಾನವೆಂಬ ಮಾತಿನಲ್ಲಿರುವ ಮೇಲರಿಮೆ ಅದರಲ್ಲಿಲ್ಲ. ಅಂಥ ಹೆಸರನ್ನು ಹೊತ್ತ ಊಟವನ್ನು, ಅಡಿಗೆ ಮಾಡುವವಳು ದಲಿತಳೆಂಬ ಒಂದೇ ಕಾರಣದಿಂದ ನಮ್ಮ ಮಕ್ಕಳು ಉಣ್ಣಕೂಡದೆಂದು ತಡೆದ ತಂದೆತಾಯಿಗಳು ನಾಡಿನ ಕೆಲವು ಊರುಗಳಲ್ಲಿ ಕಂಡುಬಂದಿದ್ದಾರೆ. ಮಕ್ಕಳಿಗೆ ಆ ಅನ್ನದಲ್ಲಿ ಯಾವ ದೋಷವೂ ಕಂಡಿರಲಿಲ್ಲ. ದೋಷವನ್ನು ಮನೆಯಿಂದ ಕಟ್ಟಿಕೊಟ್ಟು ಕಳಿಸಿದವರು ಹಿರಿಯರು.

2021ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಉತ್ತರದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳ ಅಪೌಷ್ಟಿಕತೆಯನ್ನು ನೀಗಿಸಲೆಂದು ಮೊಟ್ಟೆ ಕೊಡಲು ಆರಂಭಿಸಿದಾಗ ಇನ್ನೊಂದು ಬಗೆಯ ಪ್ರಶ್ನೆ ಎದ್ದಿತು. ತಿನ್ನದವರಿಗೆ ಬಾಳೆಯಹಣ್ಣು ಕೊಡುವ ಏರ್ಪಾಡು ಇದ್ದರೂ ನಮ್ಮ ಸಮಾಜದ ಕೆಲವು ಮಠಾಧೀಶರು ಅದನ್ನು ವಿರೋಧಿಸಿದರು. ತನ್ನ ಮಗುವಿನ ಎಡೆಗೆ ಬೇಡವಾದುದು ಬರಕೂಡದೆಂದು ಹೇಳುವ ಹಕ್ಕು ಪ್ರತಿಯೊಬ್ಬ ತಂದೆಗೂ ಇದೆ, ಅದನ್ನು ಗೌರವಿಸಬೇಕು. ಆದರೆ ಪಕ್ಕದ ಮಗುವಿನ ಎಡೆಯ ಮೇಲೆ ಆ ಹಕ್ಕು ನಡೆಯುವುದಿಲ್ಲ. ಮೊಟ್ಟೆ ತಿನ್ನುವ ಮಕ್ಕಳದೊಂದು ಸಾಲು, ಹಣ್ಣು ತಿನ್ನುವ ಮಕ್ಕಳದೊಂದು ಸಾಲು ಎಂದು ಎಲ್ಲಿಯಾದರೂ ಕೂಡ್ರಿಸಿದರೆ, ಒಂದು ತಿಂಗಳೊಳಗೆ ಆ ಎರಡು ಸಾಲುಗಳಿಗೆ ಎರಡು ಜಾತಿಗಳ ಹೆಸರು ಬೀಳುವುದನ್ನು ಯಾವ ಉಪಾಧ್ಯಾಯರೂ ತಡೆಯಲಾರರು. ಅಕ್ಕಪಕ್ಕದಲ್ಲಿ ಕುಳಿತು ಒಬ್ಬನು ಇದನ್ನೂ ಒಬ್ಬನು ಅದನ್ನೂ ತಿನ್ನಲಿ. ತನ್ನ ಶೀಲವನ್ನು ತಾನು ಕಾದುಕೊಂಡು ನೆರೆಯವನನ್ನು ಪ್ರೀತಿಸುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಮಾಂಸಾಹಾರದ ವಿಷಯದಲ್ಲಿ ನಮ್ಮ ಮಾತು ಎಷ್ಟು ಎಚ್ಚರದಿಂದ ಇರಬೇಕೆಂಬುದಕ್ಕೆ ಮತ್ತೊಂದು ನಿದರ್ಶನ ಉಂಟು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮುಂದಿನದು 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆಯಿತು. ಮಂಡ್ಯದ ಸಮ್ಮೇಳನದ ಸೂಚನೆಯೊಂದರಲ್ಲಿ ಮದ್ಯ, ತಂಬಾಕುಗಳ ಸಾಲಿನಲ್ಲಿಯೇ ಮಾಂಸಾಹಾರವನ್ನೂ ನಿಷಿದ್ಧವೆಂದು ಸೇರಿಸಿದುದು ಬಹುಜನರನ್ನು ನೋಯಿಸಿತು. ಬಾಡೂಟ ಬೇಕೆಂಬ ಒತ್ತಾಯವೂ ಎದ್ದಿತು. ನಾಡಿನ ಬಹುಸಂಖ್ಯಾತರ ನಿತ್ಯದ ಊಟವನ್ನು ದುಶ್ಚಟಗಳೊಡನೆ ಎಣಿಸಿದರೆ ಅವರ ತಾಯಂದಿರ ಅಡಿಗೆಯನ್ನೇ ಹಳಿದಂತಾಗುವುದಿಲ್ಲವೇ? ಹೊಲದಲ್ಲಿ ಹಗಲೆಲ್ಲ ದುಡಿದವನು ಹೊಟ್ಟೆಗೆ ತಿನ್ನುವುದನ್ನು, ನೆರಳಿನಲ್ಲಿ ಕುಳಿತವನು ಅವನ ಗುಣದ ಅಳತೆಯಾಗಿ ಮಾಡುವುದು ನ್ಯಾಯವಲ್ಲ. ಅಹಿಂಸೆಯು ದಯೆಯಿಂದ ಹುಟ್ಟಿದರೆ ಅದು ಕುರಿಯಲ್ಲಿ ಆರಂಭವಾಗಿ ಮನುಷ್ಯನವರೆಗೂ ಬರಬೇಕು. ಕುರಿಯವರೆಗೆ ಹೋಗಿ ಕುರಿ ಕಾಯುವವನ ಬಳಿಗೆ ಬಾರದೆ ನಿಂತುಬಿಟ್ಟ ದಯೆಗೆ ದಯೆಯೆಂಬ ಹೆಸರು ಸಲ್ಲದು.

ನಮ್ಮ ಪೇಟೆಗಳಲ್ಲಿ ಅಂಥ ಅರೆದಯೆಯ ಗುರುತುಗಳು ಹಲವಿವೆ. ಬಾಡಿಗೆಗೆ ಮನೆ ಕೇಳಿ ಬಂದವರನ್ನು ‘ನೀವು ಯಾವ ಜನ?’ ಎಂದು ಕೇಳಲು ಸಂಕೋಚವಾದಾಗ ‘ನೀವು ಏನು ಉಣ್ಣುತ್ತೀರಿ?’ ಎಂದು ಕೇಳುತ್ತಾರೆ. ಪ್ರಶ್ನೆ ಬೇರೆಯಾದರೂ ತಿಳಿಯಬೇಕಾಗಿರುವುದು ಒಂದೇ. ಹುಬ್ಬಳ್ಳಿಯಿಂದ ಹಾವೇರಿ, ರಾಣೆಬೆನ್ನೂರುಗಳವರೆಗೆ ‘ಲಿಂಗಾಯತ ಖಾನಾವಳಿ’ ಎಂಬ ಫಲಕಗಳನ್ನು ನಾವು ಕಾಣುತ್ತೇವೆ. ಇಂದು ಅಲ್ಲಿ ಎಲ್ಲ ಜನರೂ ಹೋಗಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾಹಿಂಡಿ, ಮೊಸರು ಉಂಡು ತೃಪ್ತರಾಗುತ್ತಾರೆ. ಫಲಕವು ರುಚಿಯ ಗುರುತಾಗಿ ಉಳಿದಿದೆಯೇ ಹೊರತು ಬಾಗಿಲು ಕಾಯುವ ಗುರುತಾಗಿ ಅಲ್ಲ. ಆದರೂ ಒಂದು ವಿಚಾರ ಮನಸ್ಸಿನಲ್ಲಿ ಮೂಡದೆ ಇರದು. ಜಾತಿಗಳ ಸಾಲಿನಿಂದ ಮನುಷ್ಯನನ್ನು ಹೊರತರಲು ಹುಟ್ಟಿದ ಹೆಸರೊಂದು, ಬ್ರಾಹ್ಮಣರ ಫಲಹಾರಮಂದಿರ, ಸಾವಜಿ ಖಾನಾವಳಿಗಳ ಪಕ್ಕದಲ್ಲಿ ಮತ್ತೊಂದು ಜಾತಿಯ ಹೆಸರಿನಂತೆ ತೂಗಬೇಕಾಯಿತಲ್ಲ!

ಮನೆಯೊಳಗಿನ ಮಾತನ್ನೂ ಮುಚ್ಚಿಡಬಾರದು. ನಮ್ಮಲ್ಲಿಯೇ ಪಂಚಮಸಾಲಿ, ಬಣಜಿಗ, ಸಾದರ, ಗಾಣಿಗ, ಹಡಪದ, ಮಡಿವಾಳ, ಕುಂಬಾರರೆಂಬ ಪಂಗಡಗಳು ಉಳಿದುಕೊಂಡಿವೆ. ಮದುವೆ ಮುಂಜಿಗಳಲ್ಲಿ ಜಂಗಮರ ಪಂಕ್ತಿ ಮೊದಲು ಏಳಬೇಕೆಂಬ ರೂಢಿ ಇದೆ. ಗುರುವಿಗೆ, ಹಿರಿಯರಿಗೆ, ದೂರದಿಂದ ನಡೆದು ಬಂದ ಅತಿಥಿಗೆ ಮೊದಲು ಬಡಿಸುವುದು ಸಭ್ಯತೆ. ಆದರೆ ಜಂಗಮತ್ವವು ಅರಿವಿನಿಂದ ಬರುವುದೋ, ಅಡ್ಡಹೆಸರಿನಿಂದ ಬರುವುದೋ? ಅರಿವಿನಿಂದ ಬರುವುದಾದರೆ ಹತ್ತು ವರುಷದ ಹುಡುಗನು ಹುಟ್ಟಿನ ಬಲದಿಂದ ಮೊದಲ ಸಾಲಿನಲ್ಲಿಯೂ, ಎಪ್ಪತ್ತು ವರುಷ ಲಿಂಗಪೂಜೆ ತಪ್ಪಿಸದ ಮುದುಕನು ಕೊನೆಯ ಸಾಲಿನಲ್ಲಿಯೂ ಕೂಡ್ರುವುದಕ್ಕೆ ಆಧಾರವೇನು? ಇನ್ನು ಹೊಲಕ್ಕೆ ಬಂದ ಆಳಿಗೆ ಬೇರೆ ತಟ್ಟೆ, ಬೇರೆ ಚರಿಗೆಗಳನ್ನು ದನದ ಕೊಟ್ಟಿಗೆಯ ಮಾಡದಲ್ಲಿ ಇಡುವ ಪದ್ಧತಿಯನ್ನು ನಮ್ಮ ಮನೆತನಗಳು ಎಷ್ಟರಮಟ್ಟಿಗೆ ಬಿಟ್ಟಿವೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಮಾಡವನ್ನು ನೋಡಿ ಹೇಳಬೇಕು.

ಸಹಭೋಜನದಿಂದಲೇ ಜಾತಿ ಅಳಿಯುವುದಿಲ್ಲವೆಂದು ಡಾ. ಅಂಬೇಡಕರರು 1936ರಲ್ಲಿ ಪ್ರಕಟಿಸಿದ ‘ಜಾತಿ ವಿನಾಶ’ದ ಪ್ರಬಂಧದಲ್ಲಿ ವಾದಿಸಿದರು. ಕೂಡಿ ಉಂಡು ಎದ್ದ ಬಳಿಕ ಜನರು ತಮ್ಮ ತಮ್ಮ ಜಾತಿಗಳಿಗೆ ತಿರುಗಿ ಹೋಗುತ್ತಾರೆ. ರಕ್ತಸಂಬಂಧವೂ, ಜಾತಿಗೆ ಆಧಾರವಾದ ನಂಬಿಕೆಯ ತ್ಯಾಗವೂ ಬೇಕೆಂಬುದು ಅವರ ಅಭಿಪ್ರಾಯ. ಕಲ್ಯಾಣದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಪ್ರಸಾದವನ್ನು ಹಂಚಿಕೊಂಡಾಗ ದೂರುಗಳು ಹುಟ್ಟಿದವು. ಹರಳಯ್ಯ ಮಧುವರಸರ ಮನೆಗಳ ನಡುವೆ ಮದುವೆಯಾದಾಗ ಕಲ್ಯಾಣವೇ ಹೊತ್ತಿ ಉರಿಯಿತು. ಆದುದರಿಂದ ಒಂದೇ ಪಂಕ್ತಿಯಲ್ಲಿ ಉಂಡಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ತಿಳಿಯುವುದು ಅವಿವೇಕ. ಆದರೆ ಕೂಡಿ ಉಣ್ಣಲಾರದವರು ಅದರಾಚೆಗೆ ಒಂದು ಹೆಜ್ಜೆಯನ್ನೂ ಇಡಲಾರರೆಂಬುದೂ ಅಷ್ಟೇ ನಿಜ. ಪಂಕ್ತಿಯು ಗುರಿಯಲ್ಲ, ಹೊಸ್ತಿಲು. ಹೊಸ್ತಿಲನ್ನೇ ದಾಟದವನು ಒಳಮನೆಯ ಮಾತನ್ನು ಆಡಿ ಫಲವಿಲ್ಲ.

ಹೊಸ್ತಿಲನ್ನು ದಾಟಿದವರ ಮೇಲ್ಪಂಕ್ತಿಯು ನಮ್ಮ ಸುತ್ತಲೂ ಇದೆ. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಡದ ಚೌಡಯ್ಯದಾನಪುರವು ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತು ನಿಂತಿದೆ. ದೋಣಿಯಲ್ಲಿ ಕುಳಿತವರಿಗೆ ಪಂಕ್ತಿಯಿಲ್ಲವೆಂಬುದನ್ನು ಆ ನಿಷ್ಠುರ ಶರಣನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವನು 1930ರಲ್ಲಿ ಗಾಂಧೀಜಿಯವರ ದಂಡಿಯಾತ್ರೆಯಲ್ಲಿ ನಡೆದವನು. ಅವನು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದಾಗ ಅವನೊಡನೆ ಬಿದ್ದವರು ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಈ ಮೂವರ ಅಡ್ಡಹೆಸರುಗಳನ್ನು ಓದಿರಿ. ಒಂದೇ ಮಣ್ಣಿನಲ್ಲಿ ಅವರ ರಕ್ತ ಬೆರೆಯಿತು. ಸಾವಿನಲ್ಲಿ ಒಂದೇ ಸಾಲಾದವರನ್ನು ಊಟದಲ್ಲಿ ಬೇರೆ ಸಾಲು ಮಾಡುವ ರೂಢಿಯನ್ನು ನಾವು ಯಾವ ಬಾಯಿಂದ ಸಮರ್ಥಿಸೋಣ?

ನಮ್ಮ ನೆರೆಯ ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ಜಾ‌ತ್ರೆಯು ರೊಟ್ಟಿಜಾತ್ರೆಯೆಂದೇ ಪ್ರಸಿದ್ಧವಾಗಿದೆ. ಎಲ್ಲ ಜಾತಿಮತಗಳವರ ಮನೆಗಳಿಂದಲೂ ಬಂದ ರೊಟ್ಟಿಗಳನ್ನು ಒಂದೆಡೆ ಕೂಡಿಸಿ ಎಲ್ಲರೂ ಒಟ್ಟಿಗೆ ಕುಳಿತು ಕರಿಂಡಿಯೊಡನೆ ಉಣ್ಣುತ್ತಾರೆ. ರಾಶಿಗೆ ಬಿದ್ದ ರೊಟ್ಟಿಯು ಯಾರ ಹಂಚಿನ ಮೇಲೆ ಬೆಂದುದೆಂದು ಹೇಳುವುದಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಸಾವಿರಾರು ಬಡಮಕ್ಕಳನ್ನು ಜಾತಿ ಕೇಳದೆ ಒಂದೇ ಪ್ರಸಾದನಿಲಯದಲ್ಲಿ ಕೂಡ್ರಿಸಿ ಉಣಿಸಿದರು. ಅಲ್ಲಿ ಶಾಕಾಹಾರದ ನಿಯಮವೂ ಇದ್ದಿತು, ಪಂಕ್ತಿಭೇದವೂ ಇರಲಿಲ್ಲ. ಶೀಲವನ್ನೂ ಸಮತೆಯನ್ನೂ ಒಟ್ಟಿಗೆ ನಡೆಸಬಹುದೆಂಬುದಕ್ಕೆ ಬೇರೆ ವಾದ ಬೇಕಾಗಿಲ್ಲ.

ಹಾಗಾದರೆ ಗೃಹಸ್ಥನು ಮಾಡಬೇಕಾದುದೇನು? ಯಾರೂ ತಮ್ಮ ನಿಯಮವನ್ನು ಬಿಡಬೇಕಾಗಿಲ್ಲ. ಮಾಂಸ ಬೇಯುವ ಮನೆಗೆ ಹೋದಾಗ ಅದನ್ನು ತಿನ್ನಬೇಕೆಂದು ಯಾವ ಧರ್ಮವೂ ಒತ್ತಾಯ ಮಾಡುವುದಿಲ್ಲ. ಆದರೆ ಆ ಮನೆಯ ತಾಯಿಯು ತಂದುಕೊಟ್ಟ ನೀರನ್ನು, ರೊಟ್ಟಿಯನ್ನು, ಬೆಲ್ಲದ ಚೂರನ್ನು ‘ಇಂದು ಉಪವಾಸ’ ಎಂಬ ಸುಳ್ಳು ಹೇಳಿ ತಳ್ಳಬಾರದು. ‘ಅಕ್ಕಾ, ನಾನು ಅಡಗನ್ನು ತಿನ್ನುವುದಿಲ್ಲ, ನಿಮ್ಮ ಕೈಯ ರೊಟ್ಟಿ ಕೊಡಿರಿ, ಉಣ್ಣುತ್ತೇನೆ’ ಎಂದು ನೇರವಾಗಿ ಹೇಳಿದರೆ ಶೀಲವೂ ಉಳಿಯಿತು, ಸತ್ಯವೂ ಉಳಿಯಿತು, ಆ ತಾಯಿಯ ಮಾನವೂ ಉಳಿಯಿತು. ಮಾಡದಲ್ಲಿಟ್ಟ ಬೇರೆ ತಟ್ಟೆಯನ್ನು ಮನೆಯ ಉಳಿದ ತಟ್ಟೆಗಳೊಡನೆ ಬೆರೆಸಿ ತೊಳೆದಿಡಬೇಕು. ಜಾತ್ರೆ, ಮದುವೆ, ಗಣಾರಾಧನೆಗಳಲ್ಲಿ ಬಡಿಸುವ ಕೈಗಳಲ್ಲಿ ಎಲ್ಲ ಓಣಿಗಳ ಕೈಗಳೂ ಇರಬೇಕು. ಉಣ್ಣಲು ಕರೆಯುವುದು ಸುಲಭ, ಬಡಿಸಲು ಕರೆಯುವುದೇ ಪರೀಕ್ಷೆ. ಮಕ್ಕಳ ಮುಂದೆ ಯಾರ ಊಟವನ್ನೂ ಹಳಿಯಬಾರದು.

ಲಿಂಗಕ್ಕೆ ತೋರಿ ಕೊಳ್ಳುವ ತುತ್ತು ಪ್ರಸಾದವೆಂದು ನಾವು ದಿನವೂ ನುಡಿಯುತ್ತೇವೆ. ಆ ನುಡಿ ನಿಜವೋ ಅಲ್ಲವೋ ಎಂಬುದು ಪೂಜಾಗೃಹದಲ್ಲಿ ತಿಳಿಯುವುದಿಲ್ಲ. ನಾವು ಯಾರ ಕೈಯ ತುತ್ತನ್ನು ಸಂಕೋಚವಿಲ್ಲದೆ ಸ್ವೀಕರಿಸುತ್ತೇವೆ ಎಂಬುದರಿಂದ ತಿಳಿಯುತ್ತದೆ. ಶರಣರು ಬಿಟ್ಟುಹೋದ ಈ ಒರೆಗಲ್ಲಿಗೆ ನಮ್ಮ ನಮ್ಮ ಮನೆಯ ಊಟವನ್ನು ಸದ್ಭಕ್ತರೆಲ್ಲರೂ ಹಚ್ಚಿ ನೋಡಲಿ.